ಡಾಕ್ಟರನ ಕಾರಿಗೆ ಬಂದ ಮೆತ್ತನೆ ಬ್ರೇಕು

ಗ್ಯಾರೇಜಿನವನನ್ನು ಓಣಿಯವರೆಲ್ಲ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಬಾನೆಟ್ಟಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಗಾಡಿಯ ಕಾಯಿಲೆ ಹೇಳುವುದು ಅವನ ಪದ್ಧತಿ. ಹೇಳಿದ್ದು ಸರಿಯಾದರೆ ತನ್ನ ಕೈಗುಣ, ತಪ್ಪಾದರೆ ಹಿಂದಿನ ಮೆಕ್ಯಾನಿಕ್ಕನ ಅಧ್ವಾನ. ಹಿಂದಿನ ಮೆಕ್ಯಾನಿಕ್ಕುಗಳೆಲ್ಲ ಕತ್ತೆ ಕಾಯಲು ಲಾಯಕ್ಕು ಎಂಬ ಮಾಹಿತಿಯನ್ನು ಗಿರಾಕಿಗಳಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ.

ಇಂಥವನ ಸ್ವಂತ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ಆ ಕಾರಿನಲ್ಲಿ ದಿನಾ ತನ್ನ ಟೈಲರ್ ಅಂಗಡಿಗೆ ಹೋಗಿ ಬರುತ್ತಿದ್ದವಳು ಅವನ ಹೆಂಡತಿ. ಒತ್ತಿದರೆ ದಿಂಬು ತುಳಿದ ಹಾಗಾಗುತ್ತದೆ, ಮತ್ತೆ ಮತ್ತೆ ತುಳಿದರಷ್ಟೇ ಗಟ್ಟಿಯಾಗುತ್ತದೆ ಎಂದು ಅವಳು ಹೇಳಿದಾಗ ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೊನ್ನೆಯಷ್ಟೇ ನಾನೇ ಕೈಯಾರೆ ಬ್ರೇಕ್ ಎಣ್ಣೆ ಬದಲಾಯಿಸಿದ್ದೇನೆ, ಹೊಲಿಗೆ ಮಿಷನ್ ತುಳಿದೂ ತುಳಿದೂ ನಿನ್ನ ಕಾಲಿನ ಅಭ್ಯಾಸವೇ ಕೆಟ್ಟಿದೆ ಎಂದ. ಅವಳು ಕಾರಿನ ಕೀಲಿಯನ್ನು ಅವನ ತಟ್ಟೆಯ ಪಕ್ಕ ಇಟ್ಟು ಎದ್ದುಹೋದಳು.

ಬೆಳಿಗ್ಗೆ ಅವನೇ ಕಾರು ತೆಗೆದ. ಗ್ಯಾರೇಜಿನ ಮುಂದೆ ಕಾಯುತ್ತಿದ್ದ ಗಿರಾಕಿಗಳೆದುರು ಗತ್ತಿನಿಂದ ತಿರುಗಿಸಿ ಬ್ರೇಕ್ ಒತ್ತಿದ. ಪೆಡಲ್ ತಳ ಮುಟ್ಟಿತು, ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆಯುವಷ್ಟರಲ್ಲಿ ‘ಬ್ರೇಕ್ ಸ್ಪೆಷಲಿಸ್ಟ್’ ಎಂಬ ಅವನದೇ ಬೋರ್ಡನ್ನು ಕೆಡವಿ, ಹಳೇ ಟೈರುಗಳ ರಾಶಿಗೆ ಮೂತಿ ಒರಗಿಸಿ ನಿಂತಿತು.

ಗಿರಾಕಿಗಳು ಸಜ್ಜನರು, ಯಾರೂ ನಗಲಿಲ್ಲ. ಒಬ್ಬ ಮೇಷ್ಟ್ರು ಮಾತ್ರ ನಿಜವಾದ ಕಾಳಜಿಯಿಂದ ಕೇಳಿದರು, “ಇದನ್ನ ಹಿಂದೆ ರಿಪೇರಿ ಮಾಡಿದ ಮೆಕ್ಯಾನಿಕ್ ಯಾರಪ್ಪಾ?”

ಡಾಕ್ಟರ್ ಕಾರಿನಡಿ ತೂರಿದ. ಪೈಪಿನಲ್ಲಾಗಲಿ ಚಕ್ರಗಳಲ್ಲಾಗಲಿ ಎಲ್ಲೂ ಒಂದು ತೊಟ್ಟೂ ಸೋರಿರಲಿಲ್ಲ. ಬಾನೆಟ್ಟಿನೊಳಗಿನ ಬ್ರೇಕ್ ಎಣ್ಣೆಯ ಡಬ್ಬಿಯೂ ತುಂಬಿತ್ತು. ಹಾಗಾದರೆ ಪೈಪಿನೊಳಗೆ ಗಾಳಿ ಸೇರಿದೆ. ಹೇಗೆ ಸೇರಿತು ಎಂಬುದು ಅಲ್ಲೇ ಅಂಗಾತ ಮಲಗಿದ್ದಾಗ ನೆನಪಾಯಿತು. ಎಣ್ಣೆ ಬದಲಾಯಿಸುವಾಗ ಯಾರಿಗೋ ಉಪದೇಶ ಮಾಡುತ್ತಾ ಡಬ್ಬಿ ಬರಿದಾಗಿ ಪೈಪು ಗಾಳಿ ಎಳೆದುಕೊಳ್ಳಲು ಬಿಟ್ಟಿದ್ದ.

ಗಾಳಿ ತೆಗೆಯಲು ಪೆಡಲ್ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಗಿರಾಕಿಗಳನ್ನು ಕರೆಯಲು ಮುಖವಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದ. ಅವಳು ಅಂಗಡಿ ಮುಚ್ಚಿ ಬಂದು ಸೀಟಿನಲ್ಲಿ ಕೂತಳು.

“ನನ್ನ ಕಾಲು ಆಗುತ್ತೇನ್ರೀ? ಅಭ್ಯಾಸ ಕೆಟ್ಟಿರೋ ಕಾಲು ಇದು.”

“ಒತ್ತಿ ಹಿಡ್ಕೊ,” ಎಂದಿತು ಕಾರಿನಡಿಯ ದನಿ, ಬಹಳ ಸಣ್ಣದಾಗಿ.

ಅವಳು ಒತ್ತಿದಾಗ ಅವನು ಚಕ್ರದ ಹಿಂದಿನ ಸ್ಕ್ರೂ ಸಡಿಲಿಸುತ್ತಿದ್ದ, ಬಿಗಿ ಮಾಡಿದ ಮೇಲೆ ಅವಳು ಕಾಲು ತೆಗೆಯುತ್ತಿದ್ದಳು. ಸ್ಕ್ರೂಗೆ ಸಿಕ್ಕಿಸಿದ ಪ್ಲಾಸ್ಟಿಕ್ ನಳಿಗೆಯಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಬುಳುಬುಳು ಬಂದವು. ಈ ಸಲ ಡಬ್ಬಿಯ ಮೇಲೂ ಕಣ್ಣಿಟ್ಟಿದ್ದ. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಪೆಡಲ್ ಕಲ್ಲಿನಂತಾಗಿತ್ತು.

ಸಂಜೆ ಅವನು ಗಿರಾಕಿಗಳಿಗೆ, ಅದು ಬಹಳ ಸೂಕ್ಷ್ಮವಾದ ಕಾಯಿಲೆ, ಬೇರೆಯವರ ಕೈಗೆ ಸಿಗುವಂಥದ್ದಲ್ಲ ಎಂದು ವಿವರಿಸುತ್ತಿದ್ದ. ಮುಂದಿನ ಸಲ ಎಣ್ಣೆ ಬದಲಾಯಿಸಲು ಹೆಂಡತಿ ಕಾರನ್ನು ಪಕ್ಕದ ಬೀದಿಯ ಗ್ಯಾರೇಜಿಗೆ ಒಯ್ದಳು.