ಬಸವಣ್ಣೆವ್ವ ಸಹಿ ಹಾಕಲಿಲ್ಲ

ಬಸವಣ್ಣೆವ್ವ ರೊಟ್ಟಿ ಬಡಿಯುತ್ತಿದ್ದ ಕೋಣೆಯ ಹಿಂಬಾಗಿಲು ಆ ಜುಲೈನಲ್ಲಿ ಒಮ್ಮೆಲೇ ಮುಚ್ಚದಾಯಿತು. ಮಳೆಗೆ ಕಟ್ಟಿಗೆ ಉಬ್ಬಿರಬೇಕೆಂದು ಎಣ್ಣೆ ಹಚ್ಚಿದಳು. ನಾಲ್ಕು ದಿನ ಬಿಟ್ಟು ಮುಂಬಾಗಿಲೂ ಹಟ ಹಿಡಿಯಿತು. ಆಮೇಲೆ ಗೋಡೆಯ ಸುಣ್ಣ ಹಿಟ್ಟಿನ ಪರಾತಕ್ಕೆ ಉದುರತೊಡಗಿತು. ತಲೆ ಎತ್ತಿ ನೋಡಿದರೆ ತೊಲೆಯಿಂದ ನೆಲದವರೆಗೆ ಬೆರಳು ತೂರುವಷ್ಟು ಬಿರುಕು.

ಇಂಡಿ ತಾಲ್ಲೂಕಿನಿಂದ ಗಂಡನ ಜತೆ ಪುಣೆಗೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಸ್ವಾರಗೇಟದ ಹತ್ತಿರದ ಈ ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು, ಜೋಳದ ರೊಟ್ಟಿ ಮಾರಿ ಬದುಕಿದವಳು. ವಿಜಯಪುರದ ಬಸ್ಸಿನ ಡ್ರೈವರ್‌ಗಳು ಅವಳ ಬಾಗಿಲು ಹುಡುಕಿಕೊಂಡು ಬರುತ್ತಿದ್ದರು. ಮಾಲೀಕ ಅವಧೂತ ಏಪ್ರಿಲ್‌ನಲ್ಲಿ, ರಿಪೇರಿ ಮಾಡಿಸಬೇಕೆಂದು ಹೇಳಿ ಇಡೀ ವರ್ಷದ ಬಾಡಿಗೆಯನ್ನು ಮುಂಗಡವಾಗಿ ಪಡೆದಿದ್ದ. ಒಬ್ಬ ಗೌಂಡಿಯೂ ಬರಲಿಲ್ಲ.

ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಮಾತು: "ಕಾಹೀ ಹೋತ್ ನಾಹೀ, ಮಾವಶಿ." ಏನೂ ಆಗುವುದಿಲ್ಲ, ಚಿಕ್ಕಮ್ಮ. ಎಷ್ಟು ಮೃದುವಾಗಿ ಹೇಳುತ್ತಿದ್ದನೆಂದರೆ, ಫೋನ್ ಇಟ್ಟ ಮೇಲೆ ಅವಳ ದಿಗಿಲು ಇನ್ನಷ್ಟು ಹೆಚ್ಚುತ್ತಿತ್ತು.

ಒಂದು ಮಧ್ಯಾಹ್ನ, ಮೇಲ್ಮಾಳಿಗೆಯಲ್ಲಿ ಬಾಡಿಗೆಗಿದ್ದ, ಕಿರಾಣಿ ಅಂಗಡಿಯೊಂದರ ಗುಮಾಸ್ತ ಫಕೀರಪ್ಪನನ್ನು ಕರೆದುಕೊಂಡು ಗೋಡೆಯ ಹಿಂದೆ ಹೋದಳು. ಮಾಳಿಗೆಯ ನೀರು ಇಳಿಸುವ ಪೈಪು ಅರ್ಧಕ್ಕೇ ನಿಂತಿತ್ತು. ಕೆಳಗಿನ ತುಂಡೇ ಇಲ್ಲ. ನೀರು ನೇರ ಬುನಾದಿಗೆ ಬಿದ್ದು, ಕೊಡ ಕೂರುವಷ್ಟು ಗುಂಡಿ ತೋಡಿತ್ತು.

"ಮುರದದೇನ್ರಿ ಫಕೀರಪ್ಪ?"

ಅವನು ಬಹಳ ಹೊತ್ತು ಮೇಲೆ ನೋಡಿದ. "ಮುರದಿಲ್ಲಬೇ ಅವ್ವಾ. ಗರಗಸದಲೆ ಕೊಯ್ದಾರ."

ಮರುದಿನ ಅವಧೂತನೇ ಪೇಢೆಯ ಡಬ್ಬಿ ಹಿಡಿದು ಬಂದ. ಬಿರುಕಿನ ಕಡೆ ಕಣ್ಣೆತ್ತಲಿಲ್ಲ. ನಿಮ್ಮ ಜೀವದ ಚಿಂತೆ ನನಗೆ ಎಂದು ಮರಾಠಿಯಲ್ಲಿ ಹೇಳುತ್ತ ಒಂದು ಕಾಗದ ಚಾಚಿದ. ಸ್ವಂತ ಇಚ್ಛೆಯಿಂದ ಮನೆ ಬಿಡುತ್ತಿದ್ದೇನೆ, ಮಾಲೀಕರಿಂದ ನನಗೆ ಏನೂ ಬರತಕ್ಕದ್ದಿಲ್ಲ ಎಂದು ಅದರಲ್ಲಿತ್ತು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಉಳಿದ ಎಂಟು ತಿಂಗಳ ಬಾಡಿಗೆ ಏನಾಯಿತೆಂದು ಕೇಳಿದಳು.

"ಮಳೆ ಜೋರಾಗಿದೆ, ಮಾವಶಿ," ಎಂದ ಅವನು. "ನೀವು ಕೇಳಿ ಮುಗಿಸುವವರೆಗೆ ಗೋಡೆ ಕಾಯುತ್ತದೆಯೇ?"

ಫಕೀರಪ್ಪ ತನಗೆ ಕೊಟ್ಟ ಅಂಥದೇ ಕಾಗದಕ್ಕೆ ಆ ಹೊತ್ತೇ ಸಹಿ ಹಾಕಿದ. "ಮನ್ಯಾಗ ಬಾಣಂತಿ ಅದಾಳ್ರಿ," ಎಂದು ತಲೆ ತಗ್ಗಿಸಿ, ಹೆಂಡತಿ ಮಗುವನ್ನು ಕರೆದುಕೊಂಡು ಶಿರೂರಿನ ಅಣ್ಣನ ಮನೆಗೆ ಹೋದ. ಬಸವಣ್ಣೆವ್ವ, ನಾಳೆ ಹೇಳುತ್ತೇನೆ ಎಂದು ಅವಧೂತನನ್ನು ಸಾಗಹಾಕಿ, ಕೋರ್ಟಿನ ಪುಕ್ಕಟೆ ಕಾನೂನು ಸಲಹೆ ಕೇಂದ್ರ ಹುಡುಕಿಕೊಂಡು ನಡೆದಳು. ಅಲ್ಲಿ ಸಿಕ್ಕ ವಕೀಲೆ ಅನುಜಾ ಬೆಳಗಾವಿಯವಳು.

"ಮನಿ ಇರಾಕ ಬರದಂಗಾದ್ರ ಕರಾರು ಮುರಿಯೂ ಹಕ್ಕು ನಿಮಗದರಿ," ಎಂದಳು ಅನುಜಾ. "ಇರಲಾರದ ತಿಂಗಳಿನ ಬಾಡಿಗಿ ವಾಪಸ್ ಕೇಳಬಹುದು. ಆದ್ರ ಆ ಕಾಗದಕ್ಕ ಸಹಿ ಮಾಡಿದ್ರ ಕೈ ಕಟ್ಟಿಹಾಕಿದಂಗ. ಪೈಪಿನ ಫೋಟೋ ತಗೀರಿ, ಕಾರ್ಪೊರೇಷನ್ನಿಗೆ ಅರ್ಜಿ ಕೊಡ್ರಿ. ನೋಟಿಸ್ ನಾ ಕಳಸ್ತೀನಿ. ನೀವು ಮೊದಲ ಅಲ್ಲಿಂದ ಹೊರಗ ಬರ್ರಿ."

ಅವಳು ಪೈಪಿನ ಫೋಟೋ ತೆಗೆಸಿ ಅರ್ಜಿ ಕೊಟ್ಟ ಮೂರನೆಯ ದಿನ ಕಾರ್ಪೊರೇಷನ್ನಿನ ಇಂಜಿನಿಯರ್ ಬಂದ. ಗೋಡೆಗೆ ಅಂಗೈ ಇಟ್ಟವನು ಸರಕ್ಕನೆ ತೆಗೆದು, ವಾಸಕ್ಕೆ ಅಪಾಯಕಾರಿ ಎಂಬ ನೋಟಿಸನ್ನು ಬಾಗಿಲಿಗೆ ಅಂಟಿಸಿದ. ಬಸವಣ್ಣೆವ್ವ ಹಂಚು, ಒಲೆ ಕಟ್ಟಿಕೊಂಡು ಗೆಳತಿ ದುರ್ಗಾಳ ಮನೆ ಸೇರಿದಳು.

ಐದು ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ ಗೋಡೆ ಕುಸಿಯಿತು. ಸುದ್ದಿ ಕೇಳಿ ಓಡಿಬಂದವಳಿಗೆ ಕಂಡದ್ದು, ತಾನು ದಿನಾ ಆ ಹೊತ್ತಿಗೆ ಕೂರುತ್ತಿದ್ದ ಜಾಗದ ಮೇಲೆ ಅಡ್ಡ ಬಿದ್ದ ತೊಲೆ.

ಅವಳೇ ಬಿಟ್ಟುಹೋದಳೆಂದು ಅವಧೂತ ವಾದಿಸಿದ. ಆದರೆ ಕಾಗದದಲ್ಲಿ ಅವಳ ಸಹಿ ಇರಲಿಲ್ಲ. ನೋಟಿಸು, ಫೋಟೋ ಇದ್ದವು. ಹದಿನಾಲ್ಕು ತಿಂಗಳು ಅಲೆದಾಡಿಸಿ, ಕೊನೆಗೆ ರಾಜಿಯಲ್ಲಿ ಎಂಟು ತಿಂಗಳ ಬಾಡಿಗೆ ಹಿಂತಿರುಗಿಸಿದ. ಪೈಪು ಕೊಯ್ದವರು ಯಾರೆಂದು ಸಾಬೀತಾಗಲಿಲ್ಲ. ಫಕೀರಪ್ಪನಿಗೆ ಬಿಡಿಗಾಸೂ ಸಿಗಲಿಲ್ಲ.

ಚೆಕ್ಕು ಕೈಗೆ ಬಂದ ದಿನ ಕೋರ್ಟಿನ ಮೆಟ್ಟಿಲಲ್ಲಿ ಅವಧೂತ ಅವಳ ಕಾಲು ಮುಟ್ಟಿ ನಮಸ್ಕರಿಸಿದ. "ಈಗ ಎಲ್ಲಿದ್ದೀರಿ, ಮಾವಶಿ?" ಎಂದು ಮೆಲ್ಲಗೆ ಕೇಳಿದ.

ಬಸವಣ್ಣೆವ್ವ ಚೆಕ್ಕನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ಅವನು ಇನ್ನೂ ನೋಡುತ್ತಲೇ ಇದ್ದುದರಿಂದ, ತನ್ನ ಬಸ್ಸು ಬಂದು ನಿಂತಿದ್ದರೂ ಹತ್ತದೆ, ಬೇರೆ ದಾರಿಯ ಬಸ್ಸು ಹಿಡಿದು ಹೊರಟಳು.