ನಾಯಿ ಕಾಲೂರಿದ ದಿನ

ಮದುವೆಯಾಗಿ ಮತ್ತಿಕೆರೆಯ ಮನೆಗೆ ಬಂದು ವರ್ಷವಾದರೂ ನಾನು ಮಾವನವರೊಂದಿಗೆ ನೇರವಾಗಿ ಮಾತಾಡಿರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಬಡಿಸಿ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಸಾರು ಬೇಕಾದರೆ ಮಾವನವರು ತಟ್ಟೆಯನ್ನು ಕೊಂಚ ಮುಂದಕ್ಕೆ ಸರಿಸುತ್ತಿದ್ದರು. ರೈಲಿನ ಗಾರ್ಡ್ ಆಗಿ ನಿವೃತ್ತರಾದ ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ತಮ್ಮ ನಾಯಿಯೊಂದಿಗೆ ಮಾತ್ರ. ಕರುವಿನಷ್ಟು ಎತ್ತರದ ಕಂದು ನಾಯಿ ಅದು.

ಅರವತ್ತರ ದಶಕದ ಆರಂಭದಲ್ಲಿ ಒಂದು ದಿನ, ಯಶವಂತಪುರದ ರಸ್ತೆಯಲ್ಲಿ ಇಟ್ಟಿಗೆ ಗಾಡಿಯ ಚಕ್ರ ಅದರ ಹಿಂಗಾಲಿನ ಮೇಲೆ ಹರಿಯಿತು. ಪಕ್ಕದ ಬೀದಿಯ ಜಟಕಾ ಸಾಬರು ತಮ್ಮ ಕುದುರೆ ಬೆದರದಂತೆ ನಾಯಿಗೆ ಕಂಬಳಿ ಹೊದಿಸಿ, ಮಾವನವರನ್ನೂ ಹತ್ತಿಸಿಕೊಂಡು ಹೆಬ್ಬಾಳದ ದನದ ಆಸ್ಪತ್ರೆಗೆ ಓಡಿಸಿದರು. ನಾಲ್ಕನೆಯ ದಿನ ಅದೇ ಜಟಕಾದಲ್ಲಿ ನಾಯಿ ವಾಪಸಾಯಿತು. ಮೂಳೆಯೊಳಗೆ ಉಕ್ಕಿನ ಕಡ್ಡಿ, ತೊಡೆಯುದ್ದಕ್ಕೂ ಹೊಲಿಗೆ. ಆರು ವಾರ ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ನನ್ನ ಯಜಮಾನರು ಫ್ಯಾಕ್ಟರಿಗೆ ಹೋದಾಗ ಮಾವನವರು ಒಬ್ಬರೇ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ನಿಂತುಬಿಟ್ಟರು. ನಾನು ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ, ನಾಯಿಯ ಹೊಟ್ಟೆಯಡಿ ತೂರಿಸಿ, ಒಂದು ತುದಿಯನ್ನು ಮಾತಿಲ್ಲದೆ ಅವರತ್ತ ಚಾಚಿದೆ. ಮಾತಿಲ್ಲದೆಯೇ ಹಿಡಿದುಕೊಂಡರು. ಹಿಂಭಾಗವನ್ನು ಹಾಗೆ ಎತ್ತಿ ಹಿಡಿದರೆ ಅದು ಮುಂಗಾಲಿನಲ್ಲಿ ಹೆಜ್ಜೆಯಿಡುತ್ತ ಹಿತ್ತಲಿನ ನುಗ್ಗೆಮರದವರೆಗೆ ಹೋಗುತ್ತಿತ್ತು.

ಆದರೆ ಒಂದೂವರೆ ದಿನವಾದರೂ ಅದು ಉಚ್ಚೆ ಹೊಯ್ಯಲಿಲ್ಲ. ಮಾವನವರಿಗೆ ಊಟ ಸೇರಲಿಲ್ಲ. ಇಬ್ಬರು ಹೀಗೆ ದಿಟ್ಟಿಸಿದರೆ ಪಾಪ ಅದಾದರೂ ಏನು ಮಾಡೀತು ಅನ್ನಿಸಿ, ಸೀರೆ ಹಿಡಿದುಕೊಂಡೇ ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವರೂ ಇನ್ನೊಂದು ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಧಾರೆ ಬಿದ್ದ ಸದ್ದು. ಅದು ನಿಲ್ಲುವಂತೆಯೇ ಕಾಣಲಿಲ್ಲ. ಮೊದಲು ನಕ್ಕವರು ಮಾವನವರು.

ಹೊಲಿಗೆ ನೆಕ್ಕದಂತೆ ಬಿದಿರು ಬುಟ್ಟಿಯ ತಳ ಕೊಯ್ದು ಅದರ ಕುತ್ತಿಗೆಗೆ ತೊಡಿಸಿದೆ. ಅಷ್ಟು ದೊಡ್ಡ ಪ್ರಾಣಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮುದ್ದೆ ತಿನ್ನುವುದನ್ನು ಕಲಿಯಿತು.

ಐದನೆಯ ವಾರ ಮಾವನವರು ಚಿಕ್ಕಬಾಣಾವರದ ಮದುವೆಯೊಂದಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಮಧ್ಯಾಹ್ನ ನಾನೊಬ್ಬಳೇ ಸೀರೆಯ ಎರಡು ತುದಿಯನ್ನೂ ಹಿಡಿದು ಅದನ್ನು ಹೊರಗೆ ಕರೆದೊಯ್ದೆ. ನುಗ್ಗೆಮರದ ಹತ್ತಿರ ಕೈಗಳ ಭಾರ ಇದ್ದಕ್ಕಿದ್ದಂತೆ ಇಳಿಯಿತು. ನೋಡಿದರೆ ಹೊಲಿಗೆ ಹಾಕಿದ ಕಾಲು ನೆಲದ ಮೇಲಿತ್ತು. ನಡುಗುತ್ತಿತ್ತು, ಆದರೆ ನಿಂತಿತ್ತು. ಸೀರೆಯ ತುದಿ ಬಿಡದೆ ನಾನೂ ನಿಂತೆ.

ಸಂಜೆ ಮಾವನವರು ಜಗಲಿ ಹತ್ತುವ ಮೊದಲೇ ನನ್ನ ಬಾಯಿಂದ ಮಾತು ಹೊರಟಿತು. "ಮಾವ, ಕಾಲೂರ್ತು."

ಅವರು ಚಪ್ಪಲಿಯಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟರು. ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡರು.

"ಎಷ್ಟೊತ್ತು ನಿಂತಿತ್ತಮ್ಮಾ? ಕೂತ್ಕೊಂಡು ಎಲ್ಲಾ ಸರಿಯಾಗಿ ಹೇಳು."

ಅವರೆದುರು ನಾನು ಕುಳಿತದ್ದು ಅದೇ ಮೊದಲು. ಹೇಳಿದ್ದನ್ನೇ ಎರಡು ಸಲ ಹೇಳಿಸಿಕೊಂಡರು.

ಆಮೇಲೆ ನಾಯಿ ಇನ್ನೂ ಏಳು ವರ್ಷ ಬದುಕಿತ್ತು. ಕಾಲು ಸ್ವಲ್ಪ ಸೊಟ್ಟಗೆ ಉಳಿಯಿತು. ಸಂಜೆ ಕೆರೆಯ ಕಡೆ ಹೊರಡುವಾಗ ಮಾವನವರು "ಬರ್ತೀಯೇನಮ್ಮಾ?" ಅನ್ನುತ್ತಿದ್ದರು. ಸೊಸೆಯನ್ನು ಕರೆದುಕೊಂಡು ಹೀಗೆ ತಿರುಗಾಡುವುದು ಬೀದಿಯವರಿಗೆ ವಿಚಿತ್ರವಾಗಿ ಕಂಡಿರಬೇಕು. ನಾವು ಮಾತಾಡಿಕೊಂಡು, ನಾಯಿ ನಡೆದಷ್ಟೇ ನಿಧಾನವಾಗಿ ನಡೆಯುತ್ತಿದ್ದೆವು.