ತಪ್ಪಿಸಲು ಕೊಂಡ ದುರ್ಬೀನು

1968ರಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಲೇತಿನ ಮುಂದೆ ನಿಂತವನು ನಾನು. ಗ್ರೀಸು, ಬಿಸಿ ಕಬ್ಬಿಣ ಬಿಟ್ಟರೆ ಬೇರೆ ವಾಸನೆ ಮೂಗಿಗೆ ಹತ್ತುವುದು ಕಡಿಮೆ. ಮೊನ್ನೆ ಕೆಲಸದವನೊಬ್ಬ ಊಟದ ಡಬ್ಬಿ ತೆಗೆದಾಗ ತುಪ್ಪ, ಜೀರಿಗೆಯ ಒಗ್ಗರಣೆ ಹಾಕಿದ ಹೆಸರುಬೇಳೆ ತೊವ್ವೆ ಘಮ್ಮೆಂದಿತು. ಹಳೇಬೀಡಿನ ಯಜಮಾನರು ನೆನಪಾದರು...

ಜೈನರು. ಬಸದಿಯ ಹತ್ತಿರ ಮನೆ, ಆಚೆಗೆ ಹೊಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಅರಸೀಕೆರೆಯಲ್ಲಿ ಸ್ವಂತ ವರ್ಕ್‌ಶಾಪು ಹಾಕಿದ ಹೊಸದರಲ್ಲಿ, ಗೋಣಿಯಲ್ಲಿ ಸುತ್ತಿದ ರೈಫಲ್ಲು ಹಿಡಿದು ಬಂದರು. ತಂದೆಯ ಕಾಲದಿಂದ ಲೈಸೆನ್ಸು ಇತ್ತು. ಅದರ ಮೇಲೆ ಗುರಿ ನೋಡುವ ದುರ್ಬೀನೊಂದು ಕೂರಿಸಬೇಕು, ಅಗ್ಗದ್ದು ಸಾಕು ಎಂದರು.

"ಹಂದಿ ಹೊಡೆಯೋಕಾ ಯಜಮಾನ್ರೇ?"

"ಹೊಡೀಬಾರ್ದು ಅಂತ್ಲೇ ಕಣಯ್ಯ."

ಮುಸ್ಸಂಜೆಗೆ ಕಾಡುಹಂದಿಗಳು ಜೋಳಕ್ಕೆ ನುಗ್ಗುತ್ತಿದ್ದವು. ಇವರು ಬದುವಿನ ಮಣ್ಣಿಗೆ ಗುಂಡು ಹಾರಿಸಿದರೆ ಸದ್ದಿಗೆ ಓಡುತ್ತಿದ್ದವು. ಈಗ ಕಣ್ಣು ಮಂಜಾಗಿತ್ತು. ಹಿಂದಿನ ವಾರ ಹಾರಿಸಿದ್ದು ಒಂದು ಮರಿಯ ಪಕ್ಕದಲ್ಲೇ ಬಿದ್ದಿತ್ತಂತೆ. ಅಂದಿನಿಂದ ಅನ್ನ ಇಳಿದಿರಲಿಲ್ಲ. ತಮ್ಮ ಕೈಯಿಂದ ಒಂದು ಜೀವ ಹೋಗಿಬಿಟ್ಟರೆ ಎಂಬುದೇ ಅವರ ಭಯ.

ರೈಲ್ವೇ ಸ್ಟೇಷನ್ ಬಳಿ ಹಳೇ ಮಿಲಿಟರಿ ಸಾಮಾನು ಮಾರುವವನಲ್ಲಿ ಎರಡು ದುರ್ಬೀನು ಇದ್ದವು. ನೋಡಿ ಆರಿಸಲೆಂದು ಎರಡನ್ನೂ ತಂದೆವು. ದೊಡ್ಡದು ಊರಾಚೆಯ ಮಾಲೇಕಲ್ಲು ಬೆಟ್ಟದ ಗುಡಿಯನ್ನೇ ಕೈಗೆ ತಂದುಕೊಡುತ್ತಿತ್ತು. ನಾನು ಅದಕ್ಕೆ ಮರುಳಾದೆ.

"ತಡಿ. ನಂಗೆ ಬೇಕಿರೋದು ಮುಸ್ಸಂಜೆಗೆ" ಎಂದರು.

ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಬಿಸಿಲಿರುವಾಗಲೇ ಡಬ್ಬಿ ಬಿಚ್ಚಿ ನನಗೂ ತೊವ್ವೆ ಬಡಿಸಿದರು. ಒಂಟಿ ಆಳು ನಾನು. ಇನ್ನೊಬ್ಬರ ಎದುರು ಕೂತು ಉಂಡು ಎಷ್ಟು ಕಾಲವಾಗಿತ್ತೋ... ಬೆಳಕು ಇಳಿದಂತೆ ದೊಡ್ಡ ದುರ್ಬೀನಿನೊಳಗೆ ಮಬ್ಬು ಕವಿಯಿತು. ಚಿಕ್ಕದರಲ್ಲಿ ಬೆಟ್ಟದ ಮೆಟ್ಟಿಲು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅದೇ ಅಗ್ಗದ್ದು. ಅದನ್ನೇ ಕೊಂಡರು.

ಕೂರಿಸುವಾಗ ಇನ್ನೊಂದು ಮಾತು ತೆಗೆದರು. "ಸ್ವಲ್ಪ ವಾರೆ ಕೂರಿಸಯ್ಯ. ಬೆಳೆ ಹಾಳಾದ ಸಿಟ್ಟಲ್ಲಿ ಗುರಿ ಇಟ್ರೂ ತಪ್ಪಬೇಕು."

"ವಾರೆ ಕೆಲ್ಸ ನನ್ ಕೈಲಿ ಆಗಕಿಲ್ಲ ಯಜಮಾನ್ರೇ. ಗುಂಡು ಎತ್ಲಾಗ್ ಹೋಯ್ತದೋ, ದನ ಕಾಯೋರು ಇರ್ತಾರೆ. ನೆಟ್ಟಗಿದ್ರೆ ತಾನೆ ನೀವು ತಪ್ಪಿಸೋದು?"

"ಅಂದ್ರೆ ಸಿಟ್ಟು ಕಾಯೋ ಕೆಲ್ಸ ನಂದೇ ಅನ್ನು."

"ನಿಮ್ದೇ."

ನಕ್ಕರು. ದುರ್ಬೀನನ್ನು ಹಿಡಿದಿಡುವ ಕಬ್ಬಿಣದ ಬಳೆಗಳನ್ನು ಲೇತಿನಲ್ಲಿ ಕಡೆದು ನೆಟ್ಟಗೆ ಕೂರಿಸಿಕೊಟ್ಟೆ.

ಆಮೇಲೆ ಮನೆ ಸಾಮಾನಿಗೆಂದು ಅರಸೀಕೆರೆಗೆ ಬಂದಾಗಲೆಲ್ಲ ಸ್ಕ್ರೂ ಬಿಗಿ ಮಾಡಿಸುವ ನೆಪದಲ್ಲಿ ಬರುತ್ತಿದ್ದರು. ಸ್ಕ್ರೂ ಬಿಗಿಯಾಗಿಯೇ ಇರುತ್ತಿತ್ತು. ಇಬ್ಬರೂ ಬಿಸಿಲಿರುವಾಗ ಉಣ್ಣುತ್ತಿದ್ದೆವು. ಮಾತು ಹೆಚ್ಚಿರುತ್ತಿರಲಿಲ್ಲ.

ಕೊನೆಯ ಸಲ ಬರಿಗೈಯಲ್ಲಿ ಬಂದರು. ರೈಫಲ್ಲು ಎಲ್ಲಿ ಎಂದೆ.

"ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸ್ಬಿಟ್ಟೆ. ನಿನ್ ದುರ್ಬೀನಲ್ಲಿ ತಾಯಿಹಂದಿ ಮುಖ ಕಾಣ್ತು ಕಣಯ್ಯ, ಇಷ್ಟು ಹತ್ರ. ಮರಿಗಳನ್ನ ಹಿಂದಕ್ಕೆ ತಳ್ಕೊಂಡು ನಿಂತಿತ್ತು. ಹೆದರ್ಸೋಕೂ ಕೈ ಬರ್ಲಿಲ್ಲ."

"ಜೋಳ?"

"ತಿನ್ಲಿ ಬಿಡು."

ರೈಫಲ್ಲು ಇಲ್ಲದ ಮೇಲೆ ಅವರು ಮತ್ತೆ ಬರಲಿಲ್ಲ. ಕೆಲಸವಿಲ್ಲದೆ ಒಬ್ಬರ ಬಾಗಿಲಿಗೆ ಹೋಗುವ ಜಾಯಮಾನ ನನ್ನದೂ ಅಲ್ಲ. ಅವರು ಹೋದ ಸುದ್ದಿ ಬಂದಾಗ ಎಲ್ಲ ಮುಗಿದು ತಿಂಗಳುಗಳಾಗಿದ್ದವು...

ಈಗ ನನ್ನ ಹತ್ತಿರ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಸ್ವಂತ ಕಟ್ಟಡ, ಮೂವರು ಕೆಲಸದವರು ಇದ್ದಾರೆ. ಸುಳ್ಳು ನೆಪ ಹೇಳಿಕೊಂಡು ಬರುವವರು ಯಾರೂ ಇಲ್ಲ.